ಕಡಲಿಲ್ಲದ ಊರಿನಲ್ಲಿ ಹಡಗಿನ ಒಂದು ಹೋಳು

ಒಂದು ವಸ್ತುವನ್ನು ಅರಿಯುವುದಕ್ಕೆ ಎರಡು ದಾರಿಗಳುಂಟು. ದೂರದಲ್ಲಿ ನಿಂತು ಅದರ ಅಂದವನ್ನು ನೋಡುವುದು ಒಂದು. ಅದನ್ನು ಕೊಯ್ದು ಒಳಗನ್ನು ನೋಡುವುದು ಇನ್ನೊಂದು. ಕವಿಗೆ ಮೊದಲನೆಯದು ಸಾಕಾದೀತು. ಸಸ್ಯಶಾಸ್ತ್ರದ ವಿದ್ಯಾರ್ಥಿಗೆ ಎರಡನೆಯದಿಲ್ಲದೆ ಗತಿಯಿಲ್ಲ. ಕಾಂಡವನ್ನು ತೆಳ್ಳಗೆ ಅಡ್ಡಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟಾಗಲೇ ಬೇರಿನ ನೀರು ಯಾವ ನಾಳದಿಂದ ಏರಿತು, ಎಲೆಯ ಅನ್ನ ಯಾವುದರಿಂದ ಇಳಿಯಿತು ಎಂಬುದು ಅವನಿಗೆ ಕಾಣುವುದು.

ಹಡಗಿನ ಮಾತೂ ಹೀಗೆಯೇ. ಹಡಗೆಂದ ಕೂಡಲೆ ನಮ್ಮ ಕಣ್ಣಿಗೆ ಕಟ್ಟುವುದು ಗಾಳಿತುಂಬಿದ ಹಾಯಿ. ಚಿತ್ರಕಾರರು ಬಿಡಿಸುವುದೂ ಅದನ್ನೇ. ಆದರೆ ಹಾಯಿ ಹಡಗನ್ನು ನಡೆಸುತ್ತದೆಯೇ ಹೊರತು ಕಾಪಾಡುವುದಿಲ್ಲ. ಹೊರಗಿನಿಂದ ಕಡಲು ಒತ್ತುತ್ತಿರುವಾಗ, ಒಳಗಿನಿಂದ ಸರಕು ಜಗ್ಗುತ್ತಿರುವಾಗ, ಎರಡಕ್ಕೂ ಎದೆಗೊಟ್ಟು ನಿಲ್ಲುವುದು ಯಾರ ಕಣ್ಣಿಗೂ ಬೀಳದ ಪಕ್ಕೆಲುಬುಗಳು. ಅವನ್ನು ನೋಡಬೇಕಾದರೆ ಹಡಗನ್ನು ಸವತೆಕಾಯಿಯಂತೆ ನಡುವಿನಲ್ಲಿ ಅಡ್ಡಕೊಯ್ದು ಒಂದು ಹೋಳನ್ನು ಎತ್ತಿಕೊಳ್ಳಬೇಕು. ನಿಜವಾದ ಹಡಗನ್ನು ಕೊಯ್ಯುವವರಾರು? ಆದುದರಿಂದಲೇ ಮಾದರಿ ಕಟ್ಟುವವರಲ್ಲಿ ಅಡ್ಡಕೊಯ್ತದ ಮಾದರಿಯೆಂಬ ಒಂದು ಪ್ರಕಾರ ಬೆಳೆದುಬಂದಿದೆ. ಇಡಿಯ ಹಡಗನ್ನು ಮಾಡದೆ ಅದರ ಹೊಟ್ಟೆಯ ಭಾಗದ ನಾಲ್ಕಾರು ಪಕ್ಕೆಲುಬುಗಳನ್ನಷ್ಟೇ ತಳದ ದಿಮ್ಮಿಯಿಂದ ಮೇಲಟ್ಟದವರೆಗೆ ಒಂದೊಂದಾಗಿ ಮರದಲ್ಲಿ ಕಟ್ಟುವುದು ಅದರ ಕ್ರಮ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ನೌಕಾಪಡೆಯ ಹಡಗುಗಳ ಮಾದರಿಗಳನ್ನು ಮಾಡುವಾಗ ತಳಭಾಗಕ್ಕೆ ಹಲಗೆ ಹೊದಿಸದೆ ಎಲುಬುಗಳು ಕಾಣುವಂತೆ ಬಿಡುತ್ತಿದ್ದರು. ದಿನಚರಿಯಿಂದ ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್ ಅಂಥ ಮಾದರಿಗಳನ್ನು ಕೂಡಿಹಾಕಿದ್ದನು. ಇಂದಿನ ಅಡ್ಡಕೊಯ್ತದ ಮಾದರಿ ಅದೇ ಮನೆತನದ ಕುಡಿ.

ಹಾನಗಲ್ಲಿನಲ್ಲಿ, ನಾನು ಪಾಠ ಹೇಳುವ ಪ್ರೌಢಶಾಲೆಯ ಮಕ್ಕಳನ್ನು ಕೂಡಿಸಿಕೊಂಡು ಇಂಥದೊಂದು ಹೋಳನ್ನು ಕಟ್ಟಲು ಹೊರಟಾಗ ಎಲ್ಲರೂ ಕೇಳಿದ ಪ್ರಶ್ನೆ ಒಂದೇ: ಹಾನಗಲ್ಲೆಲ್ಲಿ, ಕಡಲೆಲ್ಲಿ? ಪ್ರಶ್ನೆ ನ್ಯಾಯವಾದದ್ದೇ. ನಮ್ಮೂರಿನಿಂದ ಶಿರಸಿಯ ಮೇಲೆ ಘಟ್ಟವಿಳಿದು ಕುಮಟೆಯ ದಂಡೆಗೆ ಸುಮಾರು ನೂರು ಕಿಲೋಮೀಟರು. ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಿಗೆ ಇನ್ನೂ ದೂರ. ನಮ್ಮ ಹುಡುಗರು ಕಂಡ ದೊಡ್ಡ ನೀರೆಂದರೆ ಮಳೆಗಾಲದ ವರದೆ. ಕಂಡ ನೌಕೆಯೆಂದರೆ ಹರಿಗೋಲು. ಇವರಿಗೆ ಹಡಗಿನ ಪಕ್ಕೆಲುಬು ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಂತೆ, ಕಡಲು ನಮ್ಮಿಂದ ನಾವು ತಿಳಿದಷ್ಟು ದೂರವಿರಲಿಲ್ಲವೆಂದು ನನಗೆ ಮನವರಿಕೆಯಾಯಿತು.

ಬಂಡಿ ನಿಂತಲ್ಲಿ ಹಡಗು

ಹಾನಗಲ್ಲು ಹಿಂದೆ ಪಾನುಂಗಲ್ಲೆನಿಸಿಕೊಂಡು ಕದಂಬರ ಒಂದು ಶಾಖೆಗೆ ರಾಜಧಾನಿಯಾಗಿತ್ತು. ಅದೇ ಕುಲದ ಇನ್ನೊಂದು ಶಾಖೆ ಗೋವೆಯಲ್ಲಿ ಆಳಿತು. ಗೋವೆಯ ಕದಂಬರ ಬಲವೆಲ್ಲ ನೌಕಾಬಲ. ಅವರ ನಾಡಿನ ವೀರಗಲ್ಲುಗಳಲ್ಲಿ ಹಡಗಿನ ಕಾಳಗವನ್ನು ಕೆತ್ತಿದ್ದುಂಟು. ಜಾರ್ಜ್ ಮೊರಾಯಿಸರು 1931ರಲ್ಲಿ ಪ್ರಕಟಿಸಿದ 'ಕದಂಬ ಕುಲ'ದಲ್ಲಿ ಈ ಎರಡು ಮನೆಗಳ ಕಥೆಯೂ ಒಂದೇ ಹೊದಿಕೆಯೊಳಗೆ ಬರುತ್ತದೆ. ಕಾರವಾರದ ನೌಕಾನೆಲೆಗೆ 2005ರ ಮೇ 31ರಂದು 'ಕದಂಬ' ಎಂಬ ಹೆಸರಿಟ್ಟಾಗ, ನಮ್ಮ ತಾರಕೇಶ್ವರನ ಗುಡಿಯನ್ನು ಸುತ್ತಿ ಬೆಳೆದ ಹೆಸರೇ ಕಡಲಂಚಿನಲ್ಲಿ ಮತ್ತೆ ಮೊಳಗಿದಂತಾಯಿತು.

ರಾಜರ ಮಾತು ಹಾಗಿರಲಿ; ಒಕ್ಕಲಿಗರ ಮಾತಿಗೆ ಬರೋಣ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿಯ ಹತ್ತಿ ಬಾರದೆ ಲ್ಯಾಂಕಾಶೈರಿನ ಗಿರಣಿಗಳು ಬಾಯಿಬಿಟ್ಟುಕೊಂಡು ಕುಳಿತವು. ಆಗ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂದಿತು. ಎತ್ತಿನ ಬಂಡಿಗಳ ಸಾಲು ಘಟ್ಟವಿಳಿದು ಕುಮಟೆಯ ಬಂದರಿಗೆ ಹತ್ತಿಯನ್ನು ಮುಟ್ಟಿಸುತ್ತಿತ್ತು. ಅಲ್ಲಿಂದ ಮುಂಬಯಿಗೆ ಪತ್ತೇಮಾರಿಗಳು ಒಯ್ಯುತ್ತಿದ್ದವು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಪೇಟೆಯಲ್ಲಿ ಅದಕ್ಕೆ 'ಕುಮಟಾ ಹತ್ತಿ'ಯೆಂದೇ ಹೆಸರಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ದಾರಿಯ ಲೆಕ್ಕಾಚಾರವಿತ್ತು. 1880ರ ದಶಕದಲ್ಲಿ ರೈಲು ಬಂದು ಸರಕು ದಾರಿ ಬದಲಿಸುವವರೆಗೆ, ನಮ್ಮ ಬಂಡಿ ನಿಂತಲ್ಲಿ ಪತ್ತೇಮಾರಿ ಹೊರಡುತ್ತಿತ್ತು. ಒಂದೇ ಪಯಣದ ಎರಡು ವಾಹನಗಳವು. ಎರಡನ್ನೂ ಕಟ್ಟಿದವರು ಬಡಿಗರು.

ಸವಣೂರಿಗೆ ಹೋದವರು ಅಲ್ಲಿಯ ದೊಡ್ಡ ಹುಣಸೆಮರಗಳನ್ನು ನೋಡದೆ ಬರುವುದಿಲ್ಲ. ಹತ್ತಾರು ಜನ ಕೈಕೈ ಹಿಡಿದು ನಿಂತರೂ ಅಪ್ಪಿಗೆ ಸಿಕ್ಕದಂಥ ಆ ಮರಗಳು ನಮ್ಮ ಹುಣಸೆಯ ಜಾತಿಯವೇ ಅಲ್ಲ. ಬೇಓಬಾಬ್ ಎಂಬ ಅವುಗಳ ತವರು ಆಫ್ರಿಕ. ಕಡಲಾಚೆಯ ಬೀಜವೊಂದು ಸವಣೂರಿನ ಮಣ್ಣಿನಲ್ಲಿ ಬೇರೂರಿದೆಯೆಂದ ಮೇಲೆ ಕಡಲಿಗೂ ನಮಗೂ ಏನು ಸಂಬಂಧವೆಂದು ಕೇಳುವವರಿಗೆ ಆ ಮರಗಳೇ ಸಾಕ್ಷಿ ಹೇಳಬೇಕು.

ಇದೇ ಸವಣೂರನ್ನು 1786ರಲ್ಲಿ ಗೆದ್ದ ಟೀಪು ಸುಲ್ತಾನನು ಹತ್ತು ವರ್ಷಗಳ ತರುವಾಯ, 1796ರಲ್ಲಿ, ಮಂಗಳೂರು, ಮಿರ್ಜಾನಿನ ನೆರೆ, ಸದಾಶಿವಗಡ ಈ ಮೂರು ಕಡೆಗಳಲ್ಲಿ ಯುದ್ಧನೌಕೆಗಳನ್ನು ಕಟ್ಟಿಸಲು ಅಪ್ಪಣೆ ಮಾಡಿದನು. ಆ ಹಡಗುಗಳು ಹೇಗಿರಬೇಕೆಂಬುದಕ್ಕೆ ಮಾದರಿಯನ್ನು ಕೊಟ್ಟವನು ಸುಲ್ತಾನನೇ. ಹುಳು ಕೊರೆಯದಂತೆ ತಳಕ್ಕೆ ತಾಮ್ರವಿರಬೇಕೆಂದೂ ವಿಧಿಸಿದ್ದನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಆ ಯೋಜನೆ ಕೈಗೂಡದೆ ಹೋದರೂ ಒಂದು ಸಂಗತಿ ಉಳಿಯುತ್ತದೆ: ಕಾವೇರಿಯ ನಡುಗಡ್ಡೆಯಲ್ಲಿ ಕುಳಿತ ದೊರೆಗೂ ಕಡಲ ದಂಡೆಯ ಬಡಿಗನಿಗೂ ನಡುವೆ ಕಾಗದಕ್ಕಿಂತ ಮಾದರಿಯ ಮಾತು ಸ್ಪಷ್ಟವಾಗಿತ್ತು.

ಅಳತೆಯ ಬೇಟೆ

ಕಟ್ಟುವುದಾದರೆ ಪತ್ತೇಮಾರಿಯನ್ನೇ ಕಟ್ಟಬೇಕೆಂದು ನಿಶ್ಚಯವಾಯಿತು. ಆದರೆ ಅಳತೆ? ಪಶ್ಚಿಮ ಕರಾವಳಿಯಲ್ಲಿ ಮರದ ಹಡಗು ಕಟ್ಟುವ ಮೇಸ್ತ್ರಿಗಳು ನಕ್ಷೆ ಬರೆಯುವವರಲ್ಲ. ಉದ್ದಕ್ಕೆ ಇಷ್ಟು, ಅಗಲಕ್ಕೆ ಇಷ್ಟು, ಆಳಕ್ಕೆ ಇಷ್ಟೆಂಬ ಲೆಕ್ಕ ಅವರ ತಲೆಯಲ್ಲಿ. ಬಾಗು ಎಷ್ಟೆಂಬುದು ಕಣ್ಣಿನಲ್ಲಿ. ದಪ್ಪ ಎಷ್ಟೆಂಬುದು ಅಂಗೈಯಲ್ಲಿ. ತಂದೆಯಿಂದ ಮಗ ಕಲಿತರೆ ಉಂಟು, ಇಲ್ಲವಾದರೆ ಇಲ್ಲ. ಹೀಗಾಗಿ ನಮ್ಮ ಹಡಗಿನ ಲೆಕ್ಕವನ್ನು ಕಾಗದಕ್ಕೆ ಇಳಿಸಿದ ಪುಣ್ಯ ಬಹುಮಟ್ಟಿಗೆ ಹೊರಗಿನವರದಾಯಿತು.

ತ್ರಿಂಕೋಮಲಿಯ ನೌಕಾಂಗಣದಲ್ಲಿ ಮುಖ್ಯ ಹಡಗುಶಿಲ್ಪಿಯಾಗಿದ್ದ ಜಾನ್ ಈಡೈ ಎಂಬಾತನು ಭಾರತ, ಸಿಂಹಳಗಳ ದೋಣಿ ಹಡಗುಗಳನ್ನು ಕುರಿತು 1834ರಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ದೀರ್ಘ ಲೇಖನ ಬರೆದನು. ಅದರಲ್ಲಿ ದೊಡ್ಡ ಪತ್ತೇಮಾರಿಯ ಅಳತೆ ಸಿಗುತ್ತದೆ: ಉದ್ದ 76 ಅಡಿ 6 ಅಂಗುಲ, ಅಗಲ 21 ಅಡಿ 6 ಅಂಗುಲ, ಆಳ 11 ಅಡಿ 9 ಅಂಗುಲ, ಹೊರುವ ಭಾರ ಸುಮಾರು 200 ಟನ್ನು. ಅವನಿಗಿಂತ ಸ್ವಲ್ಪ ಈಚೆಗೆ ಫ್ರೆಂಚ್ ನೌಕಾಧಿಕಾರಿ ಎಡ್ಮಂಡ್ ಪಾರಿಯು ಜಗತ್ತಿನ ಹಲವು ದೇಶಗಳ ಹಡಗುಗಳನ್ನು ಅಳೆದು ಬರೆದ ಚಿತ್ರಗಳಲ್ಲಿಯೂ ಪತ್ತೇಮಾರಿ ಇದೆ. ಮುಂದೆ ಅವನು ಪ್ಯಾರಿಸಿನ ನೌಕಾ ಸಂಗ್ರಹಾಲಯದ ಮುಖ್ಯಸ್ಥನಾದಾಗ ಇಂಥ ಚಿತ್ರಗಳಿಂದ ಮರದ ಮಾದರಿಗಳನ್ನೂ ಮಾಡಿಸಿದನು.

ಈಡೈ ಹೇಳಿದ ಒಂದು ಮಾತು ನನ್ನ ಮನಸ್ಸಿನಲ್ಲಿ ನಾಟಿ ನಿಂತಿತು. ಪತ್ತೇಮಾರಿಯ ಹೊರಹಲಗೆ ತೇಗದ್ದು. ಒಳಗಿನ ಎಲುಬು ಮಾತ್ರ ಕಾಡುಮರದ್ದು ಎನ್ನುತ್ತಾನೆ ಅವನು. ತೇಗವೆಂದರೆ ನಮ್ಮ ಸಾಗವಾನಿ. ಅದರ ಎಣ್ಣೆಯ ಗುಣದಿಂದ ಒಳಗೆ ಬಡಿದ ಕಬ್ಬಿಣದ ಮೊಳೆ ಬೇಗನೆ ತುಕ್ಕು ಹಿಡಿಯುವುದಿಲ್ಲ. ಇಂಗ್ಲೆಂಡಿನ ಓಕ್ ಮರಕ್ಕೆ ಈ ಗುಣವಿಲ್ಲ, ಅದರ ಹುಳಿಯೇ ಕಬ್ಬಿಣವನ್ನು ತಿನ್ನುತ್ತದೆ. ಮುಂಬಯಿಯಲ್ಲಿ ವಾಡಿಯಾ ಮನೆತನದವರು ತೇಗದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ 'ಟ್ರಿಂಕೋಮಲೀ' ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ಇಂದಿಗೂ ತೇಲುತ್ತಿರುವುದೇ ಇದಕ್ಕೆ ಪ್ರಮಾಣ. ಹೀಗಿರುವಾಗ ಇಂಥ ಶ್ರೇಷ್ಠ ಮರವನ್ನು ಹೊರಗಿಟ್ಟು, ಎಲುಬಿಗೆ ಹೆಸರಿಲ್ಲದ ಕಾಡುಮರವನ್ನೇಕೆ ಬಳಸಿದರು? ಅಗ್ಗವೆಂದೇ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಪುಸ್ತಕದಿಂದಲ್ಲ, ನಮ್ಮೂರಿನ ಬಡಿಗೇರ ಓಣಿಯಲ್ಲಿ.

ಡೊಂಕಿನ ಬೆಲೆ

ಅಡಿಗೆ ಅರ್ಧ ಅಂಗುಲದಂತೆ, ಎಂದರೆ ಇಪ್ಪತ್ತನಾಲ್ಕರಲ್ಲಿ ಒಂದು ಪಾಲಿನಂತೆ, ಅಳತೆಯನ್ನು ಇಳಿಸಿಕೊಂಡೆವು. 21 ಅಡಿ 6 ಅಂಗುಲದ ಅಗಲ 10¾ ಅಂಗುಲವಾಯಿತು. ಆಳ ಆರು ಅಂಗುಲಕ್ಕೆ ತುಸು ಕಡಿಮೆ. ಹಡಗಿನ ಉದ್ದದಲ್ಲಿ ನಡುವಿನ ಹನ್ನೆರಡು ಅಡಿಯನ್ನು ಮಾತ್ರ ಆರಿಸಿಕೊಂಡುದರಿಂದ ನಮ್ಮ ಹೋಳಿನ ದಪ್ಪ ಆರು ಅಂಗುಲ. ಅದರಲ್ಲಿ ಏಳು ಪಕ್ಕೆಲುಬು. ಮುರಿದ ಹಳೆಯ ಮನೆಯೊಂದರ ಸಾಗವಾನಿ ಚೌಕಟ್ಟು ಹಲಗೆಗೆ ಒದಗಿತು. ಪಕ್ಕೆಲುಬನ್ನೂ ಅದರಿಂದಲೇ ಗರಗಸದಲ್ಲಿ ಬಾಗಿಸಿ ಕೊಯ್ದರಾಯಿತೆಂದು ಹುಡುಗರು ಗೆರೆ ಎಳೆದುಕೊಂಡು ಸಿದ್ಧರಾದರು.

ನಮಗೆ ಉಳಿ ಹಿಡಿಯುವುದನ್ನು ಕಲಿಸಲು ಒಪ್ಪಿದ್ದ ಬಡಿಗೇರ ಅಜ್ಜನವರು ಆ ಗೆರೆಯನ್ನು ನೋಡಿ ತಲೆಯಲ್ಲಾಡಿಸಿದರು. "ಕೊಯ್ದು ಡೊಂಕ ಮಾಡಬ್ಯಾಡ್ರಿ ಮಾಸ್ತರ. ಡೊಂಕ ಬೆಳದ ಕಟಗಿ ತರ್ರಿ. ನಾರು ಹೆಂಗ ಓಡ್ಯಾವೋ ಹಂಗ ಉಳಿ ಓಡಬೇಕು."

"ಅಂಥಾದು ಎಲ್ಲಿ ಸಿಗತೈತ್ರಿ ಅಜ್ಜಾರ?"

"ರಂಟಿ ಮಾಡಾಕ ನಾವು ಎಲ್ಲಿಂದ ತರತಿದ್ವಿ? ಬದುವಿನ ಜಾಲಿ ನೋಡ್ರಿ."

ಈ ಎರಡು ಮಾತಿನಲ್ಲಿ ನನ್ನ ಪ್ರಶ್ನೆಗೆ ಉತ್ತರವಿತ್ತು. ನೆಟ್ಟಗೆ ಬೆಳೆದ ಮರದಿಂದ ಬಾಗಿದ ತುಂಡನ್ನು ಕೊಯ್ದರೆ ಆಕಾರ ಬಾಗುತ್ತದೆ, ನಾರು ಬಾಗುವುದಿಲ್ಲ. ಬಾಗಿನ ನೆತ್ತಿಯಲ್ಲಿ ನಾರು ತುಂಡರಿಸಿ ಹೊರಬೀಳುತ್ತದೆ. ಭಾರ ಬಿದ್ದಾಗ ಮುರಿಯುವುದು ಅಲ್ಲಿಯೇ. ಆದರೆ ಗಾಳಿಗೋ ಬಿಸಿಲಿನ ಆಸೆಗೋ ಬಾಗಿ ಬೆಳೆದ ಕೊಂಬೆಯಲ್ಲಿ ನಾರೂ ಆಕಾರದ ಜೊತೆಗೇ ಬಾಗಿ ಈ ತುದಿಯಿಂದ ಆ ತುದಿಗೆ ಅಖಂಡವಾಗಿ ಹರಿದಿರುತ್ತದೆ. ನೆಟ್ಟಗೆ ಬೆಳೆಯುವ ತೇಗ ಹಲಗೆಗೆ ಒಳ್ಳೆಯದು. ಎಲುಬಿಗೆ ಬೇಕಾದದ್ದು ಡೊಂಕು. ಆ ಡೊಂಕು ಸಿಗುವುದು ಯಾರೂ ಕೇಳದ ಕಾಡುಮರದಲ್ಲಿ. ಯೂರೋಪಿನ ಹಡಗುಶಿಲ್ಪಿಗಳು ಓಕ್ ಕಾಡಿನಲ್ಲಿ ಅಲೆದು ಬಾಗಿದ ಕೊಂಬೆಗಳನ್ನು ಆರಿಸುತ್ತಿದ್ದುದೂ ಇದಕ್ಕಾಗಿಯೇ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾವು ಮಕ್ಕಳ ನಡತೆಗೆ ಅನ್ವಯಿಸಿ ಹೇಳುತ್ತೇವೆ; ಬಡಿಗನ ಬಾಯಲ್ಲಿ ಅದು ಉಪಮೆಯಲ್ಲ, ಕಸುಬಿನ ಶಾಸ್ತ್ರ.

ಹಿರೇಕೆರೂರಿನ ಕಡೆಯಿಂದ ಬರುವ ಹುಡುಗನೊಬ್ಬನು ತನ್ನ ಮನೆಯ ಹೊಲದ ಬದುವಿನಲ್ಲಿ ಸವರಿ ಬಿಟ್ಟಿದ್ದ ಜಾಲಿಯ ಕೊಂಬೆಗಳನ್ನು ಹೊರೆಕಟ್ಟಿ ತಂದನು. ಉರುವಲಿಗೆಂದು ಇಟ್ಟವು. ಅವುಗಳಲ್ಲಿ ಒಂದೊಂದನ್ನೂ ತಿರುವಿ ನೋಡಿ, ನಾವು ಬರೆದ ಬಾಗಿನ ಮೇಲೆ ಹೊಂದಿಸಿ, ಇದು ತಳಕ್ಕೆ, ಇದು ಬಗಲಿಗೆ, ಇದು ಒಲೆಗೆ ಎಂದು ಅಜ್ಜನವರು ವಿಂಗಡಿಸಿದರು. ಮಕ್ಕಳಿಗೆ ಕಣ್ಣಾರೆ ತಿಳಿಯಲೆಂದು ಎರಡು ಎಲುಬುಗಳನ್ನು ಒಂದೇ ಅಳತೆಗೆ ಮಾಡಿಸಿದೆ. ಒಂದು ನೆಟ್ಟನೆಯ ಜಾಲಿಯನ್ನು ಕೊಯ್ದದ್ದು, ಇನ್ನೊಂದು ಡೊಂಕಿನಿಂದ ಕೆತ್ತಿದ್ದು. ಎರಡನ್ನೂ ಮೇಜಿಗೆ ಬಿಗಿದು ತುದಿಗೆ ಬಕೆಟ್ಟು ತೂಗುಹಾಕಿ ಮರಳು ಸುರಿಯುತ್ತ ಹೋದೆವು. ಅರ್ಧ ಬಕೆಟ್ಟಿಗೆ ಮೊದಲನೆಯದು ಚಟ್ಟನೆ ಮುರಿಯಿತು, ನಾರು ಹೊರಬಿದ್ದ ಜಾಗದಲ್ಲಿಯೇ. ಎರಡನೆಯದು ಬಕೆಟ್ಟು ತುಂಬಿದರೂ ಸುಮ್ಮನೆ ಬಾಗಿ ನಿಂತಿತು. ಭೌತಶಾಸ್ತ್ರದ ಪುಸ್ತಕದಲ್ಲಿ ಒತ್ತಡ, ಎಳೆತಗಳ ಪಾಠವನ್ನು ಎಷ್ಟೋ ವರ್ಷ ಹೇಳಿದ್ದೇನೆ. ಅಂದಿನಷ್ಟು ನಿಶ್ಶಬ್ದವಾಗಿ ತರಗತಿ ಕೇಳಿದ್ದನ್ನು ನಾನು ಕಾಣೆ.

ಎಲುಬು ಮೊದಲೋ, ಚರ್ಮ ಮೊದಲೋ

ಮುಂದಿನ ಕೆಲಸ ತಿಂಗಳುಗಟ್ಟಲೆ ನಡೆಯಿತು. ತಳದಲ್ಲಿ ಉದ್ದಕ್ಕೆ ಮಲಗುವ ಬೆನ್ನೆಲುಬಿನ ದಿಮ್ಮಿಗೆ ಇಂಗ್ಲಿಷಿನವರು 'ಕೀಲ್' ಎನ್ನುತ್ತಾರೆ. ಕೀಲು ಎಂದೊಡನೆ ಬಂಡಿಯ ಕೀಲನ್ನೇ ತಿಳಿದಿದ್ದ ಹುಡುಗರಿಗೆ, ಒಂದೇ ಸದ್ದಿನ ಎರಡು ಮಾತುಗಳು ಎರಡು ವಾಹನಗಳಲ್ಲಿ ಬೇರೆಬೇರೆ ಕೆಲಸ ಮಾಡುವುದು ಒಂದು ವಿನೋದವಾಯಿತು. ಒಂದೊಂದು ಪಕ್ಕೆಲುಬೂ ಒಂದೇ ತುಂಡಲ್ಲ. ದಿಮ್ಮಿಯ ಮೇಲೆ ಅಡ್ಡ ಕೂರುವ ತಳದ ತುಂಡು ಒಂದು. ಅದರಿಂದ ಎರಡೂ ಬದಿಗೆ ಏರುವ ಬಗಲಿನ ತುಂಡುಗಳು. ಒಂದರ ಸಂದು ಇನ್ನೊಂದರ ಸಂದಿನ ಎದುರಿಗೆ ಬಾರದಂತೆ ಹೊಂದಿಸಬೇಕು. ಗೌಂಡಿಯು ಇಟ್ಟಿಗೆಯ ಮೇಲೆ ಇಟ್ಟಿಗೆಯನ್ನು ಸಂದು ತಪ್ಪಿಸಿ ಇಡುವಂತೆ. ಮೇಲಟ್ಟವನ್ನು ಹೊರುವ ತೊಲೆಗಳನ್ನು ಕೂರಿಸುವ ಹೊತ್ತಿಗೆ ಮಕ್ಕಳಿಗೆ ಹೊಸದೇನೂ ಉಳಿದಿರಲಿಲ್ಲ. ತೊಲೆ, ಅದರ ಮೇಲೆ ಹಲಗೆ, ತೊಲೆಯ ತುದಿಗೆ ಆಸರೆಯಾಗಿ ಮೊಣಕಾಲಿನಂತೆ ಬಾಗಿದ ಕಟ್ಟಿಗೆ: ಇದೆಲ್ಲ ಅವರ ಅಜ್ಜಂದಿರ ಜಂತಿಮನೆಯಲ್ಲಿಯೇ ಇದೆ. ಬೋದಿಗೆಯ ಕೆಲಸವನ್ನು ಹಡಗಿನಲ್ಲಿ ಮೊಣಕಾಲು ಮಾಡುತ್ತದೆ. ನಡು ಉಬ್ಬಿರುವ ತೊಲೆಯಿಂದ ಮಳೆಯ ನೀರು ಅತ್ತಿತ್ತ ಇಳಿದು ಹೋಗುವುದೂ ಮಾಳಿಗೆಯ ಉಪಾಯವೇ.

ಮೊಳೆಯ ಬದಲು ಬಿದಿರಿನ ಗೂಟ. ಬಿದಿರಿನ ಸೀಳುಗಳನ್ನು ಅಕ್ಕಸಾಲಿಗರು ತಂತಿ ಎಳೆಯುವ ತೂತಿನ ಪಟ್ಟಿಯಲ್ಲಿ ಎಳೆದೆಳೆದು ಸೂಜಿಯಷ್ಟು ಸಣ್ಣಗೆ ಮಾಡಿ, ಬೈರಿಗೆಯ ತೂತಿಗೆ ಬಡಿದು ಸಮನಾಗಿ ಕೊಯ್ದೆವು. ಎರಡೂವರೆ ಮಿಲಿಮೀಟರ್ ದಪ್ಪದ ಸಾಗವಾನಿ ಪಟ್ಟಿಗಳನ್ನು ಹಂಡೆಯ ಕುದಿನೀರಿನಲ್ಲಿ ನೆನೆಸಿ ಬಗ್ಗಿಸಿ ಎಡಬದಿಗೆ ಹೊದಿಸಿದೆವು. ಬಲಬದಿಯನ್ನು ಎಲುಬು ಕಾಣುವಂತೆ ಬರಿದೇ ಬಿಟ್ಟೆವು. ಕಡೆಯಲ್ಲಿ ಹಲಗೆಗಳ ಸಂದಿಗೆ ನೀರು ಬಾರದಂತೆ ತುಂಬುವ ಕೆಲಸ. ಪಶ್ಚಿಮ ಕರಾವಳಿಯ ಮೇಸ್ತ್ರಿಗಳು ಎಣ್ಣೆ, ರಾಳಗಳಲ್ಲಿ ಅದ್ದಿದ ಹತ್ತಿಯ ಹುರಿಯನ್ನು ಮೊಂಡು ಉಳಿಯಿಂದ ಸಂದಿಗೆ ಬಡಿದು ತುರುಕುತ್ತಾರೆ. ನಮ್ಮ ಸೀಮೆಯ ಹತ್ತಿಯನ್ನು ಹೊತ್ತೊಯ್ದ ಹಡಗು ತಾನು ಮುಳುಗದಿರುವುದಕ್ಕೂ ಹತ್ತಿಯನ್ನೇ ನಂಬಿತ್ತು ಎಂಬುದನ್ನು ಮಕ್ಕಳು ತಮ್ಮ ಬೆರಳಿನಿಂದ ನೂಲು ತುರುಕುತ್ತ ಕಲಿತರು.

ಕರಾವಳಿಯ ಒಂದು ದೋಣಿಕಟ್ಟೆಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಅಲ್ಲಿಯ ಹಿರಿಯ ಮೇಸ್ತ್ರಿಯವರು ನಮ್ಮ ಹೋಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದರು. ಅವರು ಮೊದಲು ಕೇಳಿದ್ದು, ಎಲುಬನ್ನು ಮೊದಲು ನಿಲ್ಲಿಸಿ ಆಮೇಲೆ ಹಲಗೆ ಹಚ್ಚಿದಿರಾ ಎಂದು. ಅಡ್ಡಕೊಯ್ತದ ಮಾದರಿಯನ್ನು ಹಾಗೆಯೇ ಮಾಡುವುದು ರೂಢಿ; ಬಲಬದಿ ಬರಿದಾಗಿರಬೇಕಾದರೆ ಬೇರೆ ದಾರಿಯೂ ಇಲ್ಲ. ಆದರೆ ನಮ್ಮ ಪಶ್ಚಿಮ ಕರಾವಳಿಯ ಹಳೆಯ ಕ್ರಮದಲ್ಲಿ ಹಲಗೆಗೆ ಹಲಗೆ ಕೂಡಿಸಿ ಹೊರಮೈ ಏರುತ್ತದೆ. ಆಮೇಲೆ ಒಳಗೆ ಎಲುಬು ಕೂರುತ್ತದೆ. ಯೂರೋಪಿನ ಈಚಿನ ಶತಮಾನಗಳ ಕ್ರಮ ಇದಕ್ಕೆ ತಿರುಗುಮುರುಗು: ಎಲುಬು ಮೊದಲು, ಚರ್ಮ ಆಮೇಲೆ. ಎಲುಬಿನ ಆಕಾರವನ್ನು ಮೊದಲೇ ಗೊತ್ತುಮಾಡಬೇಕಾದುದರಿಂದ ಅಲ್ಲಿ ನಕ್ಷೆ ಬೇಕಾಯಿತು. ಹಲಗೆಯ ಬಾಗನ್ನು ಕಣ್ಣಿನಿಂದಲೇ ಅಳೆಯುತ್ತ ಏರಿಸುವವನಿಗೆ ನಕ್ಷೆಯ ಹಂಗಿಲ್ಲ. ಈ ಒಂದು ಭೇದದಿಂದ ಎರಡು ಬಗೆಯ ವಿದ್ಯೆಗಳಾದವು. ಒಂದು ಕಾಗದದಲ್ಲಿ ಉಳಿಯಿತು. ಇನ್ನೊಂದು ಕೈಯಲ್ಲಿ ಉಳಿಯಿತು.

ಈ ಮಾತು ಮಕ್ಕಳಿಗೆ ಒಡನೆಯೇ ಹಿಡಿಯಿತು, ಏಕೆಂದರೆ ಎರಡಕ್ಕೂ ಊರಿನಲ್ಲಿಯೇ ನಿದರ್ಶನಗಳಿವೆ. ಬಿದಿರಿನ ಬುಟ್ಟಿಯನ್ನು ಹೆಣೆದು ಆಮೇಲೆ ತೊಗಲು ಹೊದಿಸುವ ಹರಿಗೋಲು ಎಲುಬು ಮೊದಲಿನ ಮನೆತನದ್ದು. ತಾರಕೇಶ್ವರ ಗುಡಿಯಲ್ಲಿ ಕಮಲ ತೂಗುವ ಆ ಎಂಟು ಮೂಲೆಯ ಛತ್ತು ಇನ್ನೊಂದು ಮನೆತನದ್ದು. ಅದಕ್ಕೆ ಎಲುಬೇ ಇಲ್ಲ, ಸುತ್ತಿನ ಮೇಲೆ ಸುತ್ತು ಕಲ್ಲು ಒಳಚಾಚಿ ತನ್ನನ್ನು ತಾನೇ ಹಿಡಿದು ನಿಂತಿದೆ.

ಕೈಯಲ್ಲಿ ಉಳಿದ ವಿದ್ಯೆ ಕೈ ಸೋತಾಗ ಏನಾಗುತ್ತದೆ? ಇದಕ್ಕೆ ಈಚಿನ ಒಂದು ಉದಾಹರಣೆ ನಮ್ಮ ಕಾರವಾರದಲ್ಲಿಯೇ ಸಿಗುತ್ತದೆ. ಅಜಂತೆಯ ಭಿತ್ತಿಚಿತ್ರದಲ್ಲಿರುವ ಐದನೆಯ ಶತಮಾನದ ಹಡಗೊಂದನ್ನು ನೋಡಿ, ಅಂಥದನ್ನೇ ಮತ್ತೆ ಕಟ್ಟಬೇಕೆಂದು ನೌಕಾಪಡೆ, ಸಂಸ್ಕೃತಿ ಸಚಿವಾಲಯ ಹಾಗೂ ಗೋವೆಯ ಒಂದು ದೋಣಿಶಾಲೆ 2023ರಲ್ಲಿ ಕೂಡಿಕೊಂಡವು. ನಕ್ಷೆಯಿಲ್ಲ, ಅಳತೆಯಿಲ್ಲ, ಇದ್ದದ್ದು ಗೋಡೆಯ ಮೇಲಿನ ಚಿತ್ರ ಮಾತ್ರ. ಕೇರಳದ ಕುಶಲಕರ್ಮಿಗಳು ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದರು, ಮದರಾಸಿನ ಐ.ಐ.ಟಿ.ಯಲ್ಲಿ ಚಿಕ್ಕ ಮಾದರಿಯನ್ನು ನೀರಿನಲ್ಲಿಟ್ಟು ಪರೀಕ್ಷಿಸಿದರು. 2025ರ ಮೇ 21ರಂದು ಕಾರವಾರದ ಕದಂಬ ನೆಲೆಯಲ್ಲಿ ಅದು 'ಕೌಂಡಿನ್ಯ'ವೆಂಬ ಹೆಸರಿನಿಂದ ನೌಕಾಪಡೆಯನ್ನು ಸೇರಿತು. ಅದರ ಹಾಯಿಯ ಮೇಲೆ ಗಂಡಭೇರುಂಡ. ಅದೇ ವರ್ಷದ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು 2026ರ ಜನವರಿಯಲ್ಲಿ ಮಸ್ಕತ್ತನ್ನು ಮುಟ್ಟಿತು. ಇದು ಹೆಮ್ಮೆಯ ಸಂಗತಿ, ಸಂದೇಹವಿಲ್ಲ. ಆದರೆ ಹೊಲಿಗೆಯ ಹಡಗಿನ ಕಸುಬು ಅಳಿವಿನಂಚಿಗೆ ಬಂದ ಮೇಲೆ ಇಷ್ಟು ಜನ ವಿದ್ವಾಂಸರೂ ಇಷ್ಟು ಹಣವೂ ಬೇಕಾದವು. ಹೊಲಿಯಬಲ್ಲ ಕೆಲವು ಕೈಗಳು ಇನ್ನೂ ಉಳಿದಿದ್ದುದರಿಂದಲೇ ಅದು ಸಾಧ್ಯವಾಯಿತು ಎಂಬುದನ್ನೂ ಮರೆಯಬಾರದು.

ಉಳಿಯಬೇಕಾದದ್ದು ಯಾವುದು

ಇದನ್ನು ಬರೆಯುವಾಗ ನನ್ನ ಕಣ್ಣೆದುರಿಗೆ ಇರುವುದು ಹಡಗಿಗಿಂತ ಹೆಚ್ಚಾಗಿ ಬಡಿಗೇರ ಓಣಿ. ಅಲ್ಲಿ ಅಜ್ಜನವರ ಅಂಗಳದಲ್ಲಿ ಬಂಡಿಯ ಗಾಲಿಗೆ ಹಳಿ ಏರಿಸುವ ದಿನ ಒಂದು ಕಾಲಕ್ಕೆ ಜಾತ್ರೆಯಿದ್ದಂತೆ. ಸುತ್ತ ಕುಳ್ಳು ಪೇರಿಸಿ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸುವುದು, ಹಿಗ್ಗಿದ ಹಳಿಯನ್ನು ನಾಲ್ಕು ಜನ ಹಿಡಿದು ಗಾಲಿಗೆ ತೊಡಿಸುವುದು, ಒಡನೆಯೇ ನೀರು ಸುರಿಯುವುದು. ಕುಗ್ಗಿದ ಹಳಿ ಎಲ್ಲ ಅರಗಳನ್ನೂ ಕರಕರ ಸದ್ದಿನೊಡನೆ ಒಂದೇ ಬಿಗುವಿಗೆ ತರುವುದು. ಈಗ ಬಂಡಿಗೆ ರಬ್ಬರಿನ ಗಾಲಿ. ಬಂಡಿಯ ಜಾಗಕ್ಕೆ ಟ್ರ್ಯಾಕ್ಟರಿನ ಟ್ರೇಲರು. ಅಜ್ಜನವರ ಮಗನದು ವೆಲ್ಡಿಂಗ್ ಅಂಗಡಿ. ಅವನೂ ಒಳ್ಳೆಯ ಕಸುಬುಗಾರನೇ; ಅವನನ್ನು ದೂರುವಂತಿಲ್ಲ. ಹೊಟ್ಟೆಗೆ ಹಾಕದ ಕಸುಬನ್ನು ಹಿಡಿದು ಕೂರೆಂದು ಯಾರಿಗೂ ಉಪದೇಶಿಸುವ ಹಕ್ಕು ನಮಗಿಲ್ಲ. ಕರಾವಳಿಯಲ್ಲಿಯೂ ಉಕ್ಕು, ಫೈಬರ್‌ಗ್ಲಾಸುಗಳ ದೋಣಿ ಹೆಚ್ಚುತ್ತಿರುವುದು ಇಂಥದೇ ಕಾರಣಕ್ಕೆ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಕಸುಬು ಹೋದರೆ ಅದರೊಡನೆ ಅದರ ಅರಿವೂ ಹೋಗಲೇಬೇಕೇ? ಶಿಗ್ಗಾವಿಯ ಬಳಿಯ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ಹಳ್ಳಿಯ ಬದುಕನ್ನು ನಿಜಗಾತ್ರದ ಶಿಲ್ಪಗಳಲ್ಲಿ ಹಿಡಿದಿಟ್ಟ ಉತ್ಸವ ರಾಕ್ ಗಾರ್ಡನ್ನಿಗೆ ಪ್ರತಿವರ್ಷ ನಮ್ಮ ಶಾಲೆಯ ಮಕ್ಕಳು ಹೋಗುತ್ತಾರೆ. ಕಸುಬಿನ ಭಂಗಿ, ಉಡುಗೆ, ಮುಖಭಾವಗಳು ಅಲ್ಲಿ ಜೀವಂತವಾಗಿವೆ. ಅದು ಹೊರಗನ್ನು ನೋಡುವ ದಾರಿ, ನೋಡಲೇಬೇಕಾದದ್ದು. ಒಳಗನ್ನು ನೋಡುವ ದಾರಿಯನ್ನು ಶಾಲೆಗಳು ತೆರೆಯಬೇಕು. ಕಟ್ಟಿಗೆಯ ನಾರು ಎತ್ತ ಓಡುತ್ತದೆಂಬುದನ್ನು ಯಾವ ಶಿಲ್ಪವೂ ಯಾವ ಚಿತ್ರವೂ ಹೇಳಲಾರದು. ಉಳಿ ಹಿಡಿದ ಕೈಗೆ ಮಾತ್ರ ಅದು ತಿಳಿಯುತ್ತದೆ. ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ಐದನೆಯ ಪಕ್ಕೆಲುಬನ್ನು ಒಬ್ಬಳೇ ಕೆತ್ತಿದಳು. ಅಜ್ಜನವರು ಅದನ್ನು ಬೆಳಕಿಗೆ ಹಿಡಿದು ನೋಡಿ ಏನೂ ಹೇಳದೆ ತಮ್ಮ ಸಣ್ಣ ಉಳಿಯನ್ನು ಅವಳ ಕೈಗಿಟ್ಟರು. ಬಡಿಗೇರ ಮನೆಯಲ್ಲಿ ಹುಟ್ಟದವಳಿಗೆ, ಅದರಲ್ಲಿಯೂ ಒಬ್ಬ ಹುಡುಗಿಗೆ, ಆ ಓಣಿಯ ಉಳಿ ಸಿಕ್ಕಿದ್ದು ಬಹುಶಃ ಅದೇ ಮೊದಲು.

ಇಡಿಯ ಹಡಗನ್ನು ಕಟ್ಟುವ ಶಕ್ತಿ ಒಂದು ಶಾಲೆಗಿಲ್ಲ; ಒಂದು ಹೋಳನ್ನು ಕಟ್ಟುವ ಶಕ್ತಿ ಎಲ್ಲ ಶಾಲೆಗಳಿಗೂ ಉಂಟು. ಹಡಗೇ ಆಗಬೇಕೆಂದಿಲ್ಲ. ಹಿರೇಕೆರೂರಿನವರು ಕೂರಿಗೆಯನ್ನು, ಸವಣೂರಿನವರು ಗಾಲಿಯನ್ನು, ಶಿಗ್ಗಾವಿಯವರು ತೇರಿನ ಅಚ್ಚನ್ನು ಹೀಗೆಯೇ ಅರ್ಧ ತೆರೆದು ಅರ್ಧ ಮುಚ್ಚಿ ಕಟ್ಟಬಹುದು. ಕಟ್ಟಬಲ್ಲ ಹಿರಿಯರು ಆಯಾ ಊರುಗಳಲ್ಲಿ ಇನ್ನೂ ಇದ್ದಾರೆ. ಅವರ ಅಂಗಳಕ್ಕೆ ಹುಡುಗರನ್ನು ಕರೆದೊಯ್ಯುವ ಕೆಲಸಕ್ಕೆ ಹಣ ಹೆಚ್ಚು ಬೇಡ. ಹೊತ್ತು ಬೇಕು, ಅದೂ ಬೇಗನೆ ಬೇಕು. ಉರುವಲಿನ ಹೊರೆಯಲ್ಲಿ ಬಿದ್ದ ಡೊಂಕು ಕೊಂಬೆಯೊಂದರಲ್ಲಿ ಹಡಗಿನ ಪಕ್ಕೆಲುಬು ಅಡಗಿದೆಯೆಂದು ಗುರುತಿಸಬಲ್ಲ ಕಣ್ಣು ಊರಿಗೆ ಒಂದಾದರೂ ಉಳಿಯಲಿ.